ಓಡುವಾಗ ಸಣ್ಣ ದೋಣಿಯ ಮೂತಿ ಎದ್ದು ಕುಣಿಯುತ್ತದೆ, ಒಂದು ಕಡೆಗೆ ಎಳೆಯುತ್ತದೆ: ರೆಕ್ಕೆ ಹಾಕಿಸಿದರೆ ಸರಿಹೋದೀತೇ?

ನೀವು ಬರೆದದ್ದರಲ್ಲಿ ನಾಲ್ಕು ದೂರುಗಳಿವೆ. 14 ಅಡಿಯ ದೋಣಿ, ಹಳೆಯ ಟೂ-ಸ್ಟ್ರೋಕ್ ತೆಗೆದು ಹೊಸದಾಗಿ ಕೂರಿಸಿದ 25 ಅಶ್ವಶಕ್ತಿಯ ಫೋರ್-ಸ್ಟ್ರೋಕ್ ಔಟ್‌ಬೋರ್ಡ್ (ದೋಣಿಯ ಹಿಂದೆ ಹೊರಗೆ ಕೂರಿಸುವ ಎಂಜಿನ್), ಕೈಯಲ್ಲಿ ಹಿಡಿದು ದಿಕ್ಕು ತಿರುಗಿಸುವ ಟಿಲ್ಲರ್. ಹೊರಡುವಾಗ ಮೂತಿ ಎಷ್ಟು ಏಳುತ್ತದೆಂದರೆ ಎದುರಿನ ನೀರೇ ಕಾಣುವುದಿಲ್ಲ. ಓಟ ಹಿಡಿದ ಮೇಲೆ ಮೂತಿ ಎದ್ದು ಬಿದ್ದು ಕುಣಿಯುತ್ತದೆ. ಟಿಲ್ಲರ್ ಹಿಡಿತ ಸ್ವಲ್ಪ ಸಡಿಲಿಸಿದರೆ ಎಡಕ್ಕೆ ಎಳೆಯುತ್ತದೆ. ಚುರುಕಾಗಿ ತಿರುಗಿಸಿದರೆ ಎಂಜಿನ್ ಕಿರುಚುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ಎಂಜಿನ್ ಕಾಲಿಗೆ, ಅಂದರೆ ಪ್ರೊಪೆಲ್ಲರ್ ಇರುವ, ನೀರಿಗಿಳಿಯುವ ಭಾಗಕ್ಕೆ, ಬೋಲ್ಟ್ ಮಾಡುವ ರೆಕ್ಕೆ ತಂದು ಹಾಕಲೇ ಎಂದು ಕೇಳಿದ್ದೀರಿ.

ಈಗಲೇ ಬೇಡ. ಸಣ್ಣ ದೋಣಿಗಳಿಗೆ ಎಂಜಿನ್ ಕೂರಿಸುವುದು, ಓಡಿಸಿ ನೋಡಿ ಸರಿಪಡಿಸುವುದು ನನ್ನ ಕೆಲಸ. ಈ ನಾಲ್ಕೂ ಒಟ್ಟಿಗೆ ಕಾಣಿಸಿಕೊಂಡಾಗ ನನಗೆ ಮೊದಲು ಅನುಮಾನ ಬರುವುದು ಎರಡರ ಮೇಲೆ: ಹಿಂದೆ ಭಾರ ಹೆಚ್ಚಾಗಿದೆ, ಎಂಜಿನ್ನಿನ ಕಾಲು ಹೊರಕ್ಕೆ ಚಾಚಿಕೊಂಡಿದೆ. ಎರಡನ್ನೂ ಕಾಸು ಖರ್ಚಿಲ್ಲದೆ ಪರೀಕ್ಷಿಸಬಹುದು.

ಕುಣಿತ ಏಕೆ ಬರುತ್ತದೆ ಎಂಬುದು ಗೊತ್ತಾದರೆ ಉಳಿದದ್ದೆಲ್ಲ ಸುಲಭ. ನಿಂತ ದೋಣಿಯನ್ನು ಇಡೀ ತಳ ಹೊತ್ತಿರುತ್ತದೆ. ವೇಗ ಹೆಚ್ಚಿ ದೋಣಿ ನೀರಿನ ಮೇಲೆ ಜಾರತೊಡಗಿದಾಗ ಅದನ್ನು ಎತ್ತಿ ಹಿಡಿಯುವುದು ತಳದ ಹಿಂದಿನ ಸ್ವಲ್ಪ ಭಾಗ ಮಾತ್ರ. ಮೂತಿ ಮೇಲೇರಿದಷ್ಟೂ ಆ ಭಾಗ ಇನ್ನೂ ಕಿರಿದಾಗಿ ಹಿಂದಕ್ಕೆ ಸರಿಯುತ್ತದೆ. ಒಂದು ಹಂತದಲ್ಲಿ ಮೂತಿಯ ಭಾರವನ್ನು ಹೊರಲು ಆಗದೆ ಅದು ಕೆಳಗೆ ಬೀಳುತ್ತದೆ. ಬಿದ್ದೊಡನೆ ಹೆಚ್ಚು ತಳ ನೀರಿಗೆ ತಾಗಿ ಮತ್ತೆ ಮೇಲಕ್ಕೆ ತಳ್ಳುತ್ತದೆ. ಹೀಗೆ ಏರುವುದು, ಬೀಳುವುದು ನಿಲ್ಲುವುದೇ ಇಲ್ಲ. ಅಲೆಯೇ ಇಲ್ಲದ ನೀರಿನಲ್ಲೂ ಕುಣಿಯುತ್ತಿದ್ದರೆ ತಪ್ಪು ನೀರಿನದ್ದಲ್ಲ, ತೂಕ ಮತ್ತು ಕೋನದ್ದು.

ಭಾರದಿಂದ ಶುರುಮಾಡಿ. ಅಷ್ಟೇ ಶಕ್ತಿಯ ಹಳೆಯ ಟೂ-ಸ್ಟ್ರೋಕ್‌ಗಿಂತ ಫೋರ್-ಸ್ಟ್ರೋಕ್ ಎಂಜಿನ್ ಸಾಮಾನ್ಯವಾಗಿ ಹೆಚ್ಚು ತೂಗುತ್ತದೆ. ಆ ಹೆಚ್ಚುವರಿ ತೂಕ ಹೋಗಿ ಕೂತದ್ದು ದೋಣಿಯ ಕಟ್ಟಕಡೆಯ ಹಲಗೆಯ ಮೇಲೆ, ಅಂದರೆ ಟ್ರಾನ್ಸಮ್ ಮೇಲೆ. ಅದರ ಪಕ್ಕದಲ್ಲೇ ನೀವು ಕೂರುತ್ತೀರಿ, ಕಾಲ ಬುಡದಲ್ಲಿ ಪೆಟ್ರೋಲ್ ಟ್ಯಾಂಕ್, ಅದರ ಪಕ್ಕ ಬ್ಯಾಟರಿ. 25 ಲೀಟರ್ ಪೆಟ್ರೋಲ್ ಎಂದರೆ ಸುಮಾರು 18 ಕಿಲೋ. ಟ್ಯಾಂಕ್ ಮತ್ತು ಬ್ಯಾಟರಿಯನ್ನು ಮಧ್ಯದ ಆಸನದ ಮುಂದಕ್ಕೆ ಸಾಗಿಸಿ, ಅಲುಗದಂತೆ ಪಟ್ಟಿ ಬಿಗಿಯಿರಿ. ಇಂಧನದ ಪೈಪು ಉದ್ದದ್ದು ಬೇಕಾಗುತ್ತದೆ, ಬ್ಯಾಟರಿಯ ತಂತಿ ಉದ್ದವಾದರೆ ಅದು ದಪ್ಪವೂ ಆಗಬೇಕು, ಇಲ್ಲದಿದ್ದರೆ ಸ್ಟಾರ್ಟರಿಗೆ ಕರೆಂಟ್ ಸಾಲದು. ಟಿಲ್ಲರಿಗೆ ಉದ್ದನೆಯ ಹಿಡಿ ಸಿಗುತ್ತದೆ. ಅದನ್ನು ಸಿಕ್ಕಿಸಿಕೊಂಡು ನೀವೇ ಎರಡು ಅಡಿ ಮುಂದೆ ಕೂತರೆ ಆಗುವ ಬದಲಾವಣೆ ದೊಡ್ಡದು. ನಿಮಗಿಂತ ಭಾರದ ಸಾಮಾನು ಆ ದೋಣಿಯಲ್ಲಿ ಎಂಜಿನ್ ಬಿಟ್ಟರೆ ಬೇರೆ ಇರಲಿಕ್ಕಿಲ್ಲ.

ಇದನ್ನು ಖಚಿತಪಡಿಸಿಕೊಳ್ಳಲು ಇನ್ನೂ ಸುಲಭದ ದಾರಿಯಿದೆ. ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಮೊದಲು ಅವರು ಹಿಂದಿನ ಆಸನದಲ್ಲಿ ಕೂರಲಿ, ಒಂದು ಓಟ ಓಡಿಸಿ. ದೋಣಿ ಪೂರ್ತಿ ನಿಲ್ಲಿಸಿದ ಮೇಲೆ ಅವರನ್ನು ಮುಂದಕ್ಕೆ ಕಳಿಸಿ ಅದೇ ವೇಗದಲ್ಲಿ ಮತ್ತೊಮ್ಮೆ ಓಡಿಸಿ. ಕುಣಿತ ನಿಂತರೆ ರೋಗ ಯಾವುದೆಂದು ಗೊತ್ತಾಯಿತು. ಓಡುತ್ತಿರುವಾಗ ಯಾರೂ ಎದ್ದು ಜಾಗ ಬದಲಿಸಬಾರದು.

ಕಣ್ಣಿಗೆ ಕಾಣದ ಭಾರವೂ ಒಂದಿದೆ, ಅದೇ ನೀರು. ನೆಲದ ಹಲಗೆಯ ಕೆಳಗೆ 50 ಲೀಟರ್ ನಿಂತಿದ್ದರೆ 50 ಕಿಲೋ. ಅದು ಒಂದೆಡೆ ಕೂರುವ ಭಾರವೂ ಅಲ್ಲ: ಮೂತಿ ಎದ್ದಾಗ ಅಷ್ಟೂ ಹಿಂದಕ್ಕೆ ಓಡಿಬಂದು ಮೂತಿಯನ್ನು ಇನ್ನಷ್ಟು ಎತ್ತುತ್ತದೆ. ದೋಣಿಯನ್ನು ದಡಕ್ಕೆ ಎಳೆದು, ಮೂತಿಯನ್ನು ಎತ್ತರಕ್ಕಿಟ್ಟು, ಡ್ರೈನ್ ಪ್ಲಗ್ ಬಿಚ್ಚಿ ರಾತ್ರಿಯಿಡೀ ಬಿಡಿ. ಹಳೆಯ ದೋಣಿಯಾದರೆ ನೆಲದಡಿಯ ಫೋಮ್ ನೀರು ಹೀರಿಕೊಂಡಿರಬಹುದು. ಅದು ಒಂದು ರಾತ್ರಿಗೆ ಇಳಿದುಹೋಗುವ ನೀರಲ್ಲ. ದೋಣಿ ಮೊದಲಿಗಿಂತ ಆಳವಾಗಿ ಕೂರುತ್ತಿದೆ ಅನ್ನಿಸಿದರೆ ಒಂದು ಹಲಗೆ ಎಬ್ಬಿಸಿ ಫೋಮ್ ಹಿಂಡಿ ನೋಡಿ.

ಇನ್ನು ಕೋನ. ನಿಮ್ಮ ಎಂಜಿನ್ ಅಳತೆಯಲ್ಲಿ ಹಲವಕ್ಕೆ ಬಟನ್ ಒತ್ತಿ ಟ್ರಿಮ್ ಮಾಡುವ, ಅಂದರೆ ಕಾಲಿನ ಕೋನ ಬದಲಿಸುವ, ವ್ಯವಸ್ಥೆ ಇರುವುದಿಲ್ಲ. ಬ್ರಾಕೆಟ್ಟಿನಲ್ಲಿ ಸಾಲಾಗಿ ತೂತುಗಳಿರುತ್ತವೆ, ಒಂದರಲ್ಲಿ ಪಿನ್. ಎಂಜಿನ್ನಿನ ಕಾಲು ಆ ಪಿನ್ನಿಗೆ ಒರಗಿ ನಿಲ್ಲುತ್ತದೆ. ಪಿನ್ ಟ್ರಾನ್ಸಮ್ ಕಡೆಗೆ ಬಂದರೆ ಕಾಲು ಒಳಕ್ಕೆ ಸರಿದು ಮೂತಿ ಇಳಿಯುತ್ತದೆ, ದೂರ ಹೋದರೆ ಮೂತಿ ಏಳುತ್ತದೆ. ನಿಮ್ಮ ಪಿನ್ ಎರಡು ತೂತಿನಷ್ಟು ಹೊರಗಿದ್ದರೂ ನನಗೆ ಆಶ್ಚರ್ಯವಿಲ್ಲ. ಎಂಜಿನ್ ಆರಿಸಿ, ಒಂದೇ ಒಂದು ತೂತು ಒಳಕ್ಕೆ ಬದಲಿಸಿ, ಓಡಿಸಿ ನೋಡಿ. ಪ್ರೊಪೆಲ್ಲರ್ ಮೇಲಿರುವ ಚಪ್ಪಟೆ ತಟ್ಟೆಯನ್ನು ಗಮನಿಸಿ: ಓಟದ ವೇಗದಲ್ಲಿ ಅದು ನೀರಿನ ಮೇಲ್ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿರಬೇಕು. ಟ್ರಾನ್ಸಮ್ ತೀರ ನೆಟ್ಟಗಿದ್ದು ಕೊನೆಯ ತೂತಿನಲ್ಲೂ ಕಾಲು ಸಾಕಷ್ಟು ಒಳಕ್ಕೆ ಬರದಿದ್ದರೆ ಎಂಜಿನ್ ಮತ್ತು ಟ್ರಾನ್ಸಮ್ ನಡುವೆ ಬೆಣೆ ಕೊಡಬೇಕಾಗುತ್ತದೆ.

ಒಳಕ್ಕೆ ತರುವುದಕ್ಕೂ ಒಂದು ಮಿತಿಯಿದೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾಲು ಅತಿಯಾಗಿ ಒಳಗಿದ್ದರೆ ವೇಗದಲ್ಲಿ ಮೂತಿ ನೀರನ್ನು ಉಳುತ್ತದೆ, ಮುಂಭಾಗವೇ ಚುಕ್ಕಾಣಿಯ ಹಾಗೆ ಕೆಲಸ ಮಾಡತೊಡಗುತ್ತದೆ. ಆಗ ಚೂರು ತಿರುಗಿಸಿದರೂ ದೋಣಿ ಗಿರಕಿ ಹೊಡೆದು ಒಳಗಿದ್ದವರನ್ನು ನೀರಿಗೆ ಎಸೆಯಬಹುದು. ಪ್ರತಿ ಬದಲಾವಣೆಯ ನಂತರದ ಮೊದಲ ಓಟ ನಿಧಾನವಾಗಿರಲಿ, ಲೈಫ್ ಜಾಕೆಟ್ ಮೈಮೇಲಿರಲಿ, ಎಂಜಿನ್ ಆರಿಸುವ ಸುರಕ್ಷಾ ದಾರ ಮೈಗೆ ಸಿಕ್ಕಿಸಿರಲಿ. ಟಿಲ್ಲರ್ ಕೈತಪ್ಪಿ ಬಿದ್ದವರ ಸುತ್ತಲೇ ಖಾಲಿ ದೋಣಿ ಪ್ರೊಪೆಲ್ಲರ್ ತಿರುಗಿಸುತ್ತ ಸುತ್ತುವುದುಂಟು. ಆ ದಾರ ಇರುವುದೇ ಅದಕ್ಕೆ.

ಎಡಕ್ಕೆ ಎಳೆಯುವುದೂ ಇದಕ್ಕೇ ಸೇರಿದ್ದು. ಸಾಮಾನ್ಯ ಬಲತಿರುಗಿನ ಪ್ರೊಪೆಲ್ಲರ್ ಇರುವ ಎಂಜಿನ್ನಿನ ಕಾಲು ಹೊರಕ್ಕೆ ಹೋದಷ್ಟೂ ಎಳೆತ ಎಡಕ್ಕೆ, ಒಳಕ್ಕೆ ಬಂದಷ್ಟೂ ಬಲಕ್ಕೆ. ಹಾಗಾಗಿ ನಿಮ್ಮ ದೋಣಿಯ ಎಡ ಎಳೆತ ಕಾಲು ಹೊರಗಿದೆ ಎಂಬುದಕ್ಕೆ ಇನ್ನೊಂದು ಸಾಕ್ಷಿ. ಕೋನ ಸರಿಯಾದ ಮೇಲೂ ಎಳೆತ ಉಳಿದರೆ ಮಾತ್ರ ತಟ್ಟೆಯ ಅಡಿಯಲ್ಲಿರುವ ಪುಟ್ಟ ಟ್ರಿಮ್ ಟ್ಯಾಬಿಗೆ ಕೈಹಾಕಿ, ನಿಮ್ಮ ಎಂಜಿನ್ನಿಗೆ ಅದು ಇದ್ದರೆ. ದೋಣಿ ಯಾವ ಕಡೆಗೆ ಎಳೆಯುತ್ತದೋ ಟ್ಯಾಬಿನ ಹಿಂತುದಿಯನ್ನೂ ಅದೇ ಕಡೆಗೆ ತಿರುಗಿಸಬೇಕು. ಕೇಳಲು ಉಲ್ಟಾ ಅನ್ನಿಸುತ್ತದೆ, ಆದರೆ ನೀರು ಟ್ಯಾಬನ್ನು ಆಚೆಗೆ ತಳ್ಳುವಾಗ ಕಾಲನ್ನೂ ಜೊತೆಗೆ ತಳ್ಳುತ್ತದೆ. ಬಹಳಷ್ಟು ಎಂಜಿನ್‌ಗಳಲ್ಲಿ ಈ ಟ್ಯಾಬೇ ತುಕ್ಕು ತಡೆಯಲು ತಾನು ಸವೆಯುವ ಲೋಹದ ತುಂಡು ಕೂಡ. ಅದಕ್ಕೆ ಬಣ್ಣ ಹಚ್ಚಬಾರದು.

ದೋಣಿ ಎಡಕ್ಕೆ ಎಳೆಯುವುದು ಬೇರೆ, ಎಡಕ್ಕೆ ವಾಲುವುದು ಬೇರೆ. ವಾಲುತ್ತಿದ್ದರೆ ಭಾರವನ್ನು ಬಲಕ್ಕೆ ಸರಿಸಿ, ಅಷ್ಟೇ.

ತಿರುವಿನಲ್ಲಿ ಎಂಜಿನ್ ಕಿರುಚುವುದು ಪ್ರೊಪೆಲ್ಲರ್ ಮೇಲಿನಿಂದ ಗಾಳಿ ಎಳೆದುಕೊಂಡಾಗ. ನೀರಿನ ಬದಲು ಗಾಳಿಯನ್ನು ಕಡೆಯುವ ಪ್ರೊಪೆಲ್ಲರಿಗೆ ಹಿಡಿತವಿಲ್ಲ, ಎಂಜಿನ್ ಸುತ್ತು ಒಮ್ಮೆಲೇ ಏರುತ್ತದೆ. ಪಿನ್ ಒಳಕ್ಕೆ ಬಂದಾಗ ಇದು ಬಹುಪಾಲು ಕಡಿಮೆಯಾಗಬೇಕು. ಆಗದಿದ್ದರೆ ಎತ್ತರ ಅಳೆಯಿರಿ. ದೋಣಿ ದಡದಲ್ಲಿರುವಾಗ ತಳದ ಗೆರೆಯಲ್ಲೇ ಹಿಂದಕ್ಕೆ ಚಾಚುವಂತೆ ನೇರವಾದ ಪಟ್ಟಿಯೊಂದನ್ನು ಹಿಡಿಯಿರಿ. ಪ್ರೊಪೆಲ್ಲರ್ ಮೇಲಿನ ತಟ್ಟೆ ಆ ಪಟ್ಟಿಯ ಮಟ್ಟಕ್ಕೆ ಅಥವಾ ಒಂದಿಂಚಿನೊಳಗೆ ಮೇಲಿರಬೇಕು. ಅದಕ್ಕಿಂತ ಮೇಲಿದ್ದರೆ ಎಂಜಿನ್ ಇಳಿಸಿ. ತೀರಾ ಕೆಳಗಿದ್ದರೆ ಕಾಲಿನ ಉದ್ದವೇ ತಪ್ಪಿರಬಹುದು: ಗಿಡ್ಡ ಕಾಲು 15 ಇಂಚಿನ ಟ್ರಾನ್ಸಮ್ಮಿಗೆ, ಉದ್ದ ಕಾಲು 20 ಇಂಚಿನದ್ದಕ್ಕೆ. ಎಂಜಿನ್ ಬದಲಿಸಿದಾಗ ಇದು ಅದಲುಬದಲಾಗುವುದು ಅಪರೂಪವಲ್ಲ.

ಪ್ರೊಪೆಲ್ಲರ್ ಬಗ್ಗೆ ಇಷ್ಟು ಸಾಕು: ಅಲಗಿನ ಅಂಚು ಮುರಿದಿದೆಯೇ, ಬಾಗಿದೆಯೇ ನೋಡಿ. ಪಿಚ್ (ಅಲಗುಗಳ ಓರೆ) ಬದಲಿಸುವ ಯೋಚನೆ ಭಾರ, ಕೋನ, ಎತ್ತರ ಸರಿಯಾದ ಮೇಲೆ, ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ಸುತ್ತು ಕೈಪಿಡಿ ಹೇಳಿದ ವ್ಯಾಪ್ತಿಗೆ ಬಾರದಿದ್ದರೆ ಮಾತ್ರ.

ರೆಕ್ಕೆ ಕೆಲಸಕ್ಕೆ ಬಾರದ ವಸ್ತು ಎಂದು ನಾನು ಹೇಳುತ್ತಿಲ್ಲ. ಅದು ಹಿಂಭಾಗವನ್ನು ಎತ್ತುತ್ತದೆ, ದೋಣಿ ಬೇಗ ಓಟ ಹಿಡಿಯುತ್ತದೆ. ಆದರೆ ತಪ್ಪಿರುವ ಭಾರವನ್ನೂ ಕೋನವನ್ನೂ ಮುಚ್ಚಿಡುತ್ತದೆ, ಅದನ್ನು ಕೂರಿಸಲು ಹಲವು ಸಲ ತಟ್ಟೆಗೆ ತೂತು ಕೊರೆಯಬೇಕು. ಆ ತೂತನ್ನು ಮತ್ತೆ ಮೊದಲಿನಂತೆ ಮುಚ್ಚುವುದು ಸುಲಭವಲ್ಲ. ಎಲ್ಲ ಮುಗಿದ ಮೇಲೂ ಮೂತಿ ಏಳುತ್ತಲೇ ಇದ್ದರೆ ಆಗ ಹಾಕಿ.

ಅದಕ್ಕೂ ಮೊದಲು ತಳವನ್ನೊಮ್ಮೆ ನೋಡಲೇಬೇಕು. ಟ್ರಾನ್ಸಮ್ಮಿನಿಂದ ಮುಂದಕ್ಕೆ ಸುಮಾರು ಒಂದೂವರೆ ಮೀಟರ್ ಉದ್ದದ ನೇರ ಪಟ್ಟಿಯನ್ನು ತಳಕ್ಕೆ ಒತ್ತಿ ಹಿಡಿಯಿರಿ. ಪಟ್ಟಿಯ ತುದಿಗಳಲ್ಲಿ ಬೆಳಕು ಕಂಡರೆ ತಳ ಹೊರಕ್ಕೆ ಉಬ್ಬಿದೆ; ಅಂಥ ತಳ ಕುಣಿಯುತ್ತದೆ, ಎಂಜಿನ್ನಿಗೆ ಏನು ಮಾಡಿದರೂ ಪೂರ್ತಿ ನಿಲ್ಲುವುದಿಲ್ಲ. ನಡುವೆ ಬೆಳಕು ಕಂಡರೆ ತಳ ಒಳಕ್ಕೆ ಬಾಗಿದೆ, ಅದು ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ಟ್ರೈಲರಿನ ಆಧಾರದ ಪಟ್ಟಿಗಳು ಟ್ರಾನ್ಸಮ್ ಕೆಳಗಿನವರೆಗೆ ಮುಟ್ಟದೆ ಎಂಜಿನ್ ಭಾರ ಗಾಳಿಯಲ್ಲಿ ನೇತಾಡುತ್ತಿದ್ದರೆ ವರ್ಷಗಳಲ್ಲಿ ತಳ ಹೀಗೆ ಬಾಗುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಶಾಂತ ನೀರಿನಲ್ಲಿ, ಫೋನಿನ ಜಿಪಿಎಸ್ ವೇಗ ಗುರುತು ಹಾಕಿಕೊಂಡು. ಪಿನ್ ಈಗ ಎಷ್ಟನೇ ತೂತಿನಲ್ಲಿದೆ, ತಟ್ಟೆ ತಳಕ್ಕಿಂತ ಎಷ್ಟು ಮೇಲೆ ಅಥವಾ ಕೆಳಗಿದೆ, ಪಟ್ಟಿ ಹಿಡಿದಾಗ ಬೆಳಕು ಎಲ್ಲಿ ಕಂಡಿತು, ಈ ಮೂರನ್ನು ಬರೆದು ತಿಳಿಸಿದರೆ ಮುಂದೆ ಏನು ಮಾಡಬೇಕೆಂದು ಇನ್ನೂ ನಿಖರವಾಗಿ ಹೇಳುತ್ತೇನೆ.