ತಪಸ್ಸುಕಾಲದಲ್ಲಿ ಏನು ಬಿಡಬೇಕು ಎಂದು ಕೇಳಿದವರಿಗೆ

ಈಸ್ಟರ್‌ಗೆ ಮುಂಚೆ ನಾವು ಕ್ರೈಸ್ತರು ಉಪವಾಸ, ಪ್ರಾರ್ಥನೆಯಲ್ಲಿ ಕಳೆಯುವ ನಲವತ್ತು ದಿನದ ತಪಸ್ಸುಕಾಲದಲ್ಲಿ ಚಹಾ ಬಿಡಲೇ, ಮಾಂಸ ಬಿಡಲೇ, ಮೊಬೈಲ್ ಬಿಡಲೇ ಎಂದು ಕೇಳಿದ್ದೀರಿ. ಕಲಬುರಗಿಯ ಬಿಸಿಲಿನಲ್ಲಿ ನಲವತ್ತು ದಿನವೂ ಒಪ್ಪೊತ್ತು ಇರಲು ಆಗುತ್ತದೆಯೇ ಎಂದೂ ಕೇಳಿದ್ದೀರಿ. ಆಗುತ್ತದೆ. ನಾನು ಇದ್ದೆ, ಭಾನುವಾರಗಳನ್ನು ಬಿಟ್ಟು ಇಪ್ಪತ್ತೇಳು ದಿನ.

ಅದು 2019. ತಪಸ್ಸುಕಾಲದ ಮೊದಲ ದಿನವಾದ ಬೂದಿ ಬುಧವಾರ ಮಾರ್ಚ್ 6ಕ್ಕೆ ಬಂದಿತ್ತು. ನಮ್ಮ ಕ್ಯಾಥೋಲಿಕ್ ಧರ್ಮಸಭೆ ಕಡ್ಡಾಯವಾಗಿ ಉಪವಾಸ ಮಾಡಿ ಎನ್ನುವುದು ಎರಡೇ ದಿನ: ಬೂದಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೆ). ಅದೂ 18ರಿಂದ 59 ವರ್ಷದೊಳಗಿನವರಿಗೆ. ಆ ದಿನವೂ ಒಂದು ಪೂರ್ತಿ ಊಟ ಮಾಡಿ, ಉಳಿದ ಎರಡು ಹೊತ್ತು ಸ್ವಲ್ಪ ತಿನ್ನಬಹುದು. ನನಗೆ ಅದು ಸಾಲಲಿಲ್ಲ. ಇಡೀ ತಪಸ್ಸುಕಾಲ ರಾತ್ರಿ ಒಂದೇ ಊಟ ಎಂದು ಮನೆಯಲ್ಲಿ ಸಾರಿಬಿಟ್ಟೆ. ಕಚೇರಿಯಲ್ಲೂ ಹೇಳಿದೆ. ಉಪವಾಸ ಮಾಡುವಾಗ ತಲೆಗೆ ಎಣ್ಣೆ ಹಚ್ಚಿಕೊಂಡು, ಮುಖ ತೊಳೆದುಕೊಂಡು, ಯಾರಿಗೂ ತಿಳಿಯದಂತೆ ಇರಿ ಎಂಬ ಯೇಸುವಿನ ಮಾತನ್ನು ಬೂದಿ ಬುಧವಾರದ ಪೂಜೆಯಲ್ಲೇ ಓದುತ್ತಾರೆ. ಕೇಳಿಸಿಕೊಂಡು ಬಂದು ಸಾರಿದೆ.

ಆದರೆ ನನಗೆ ದುಬಾರಿಯಾದದ್ದು ಅದಲ್ಲ. ಬಿಸಿ ರೊಟ್ಟಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಖಡಕ್ ರೊಟ್ಟಿ ಇದೆ. ಒಮ್ಮೆ ಬಡಿದು ಒಣಗಿಸಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ, ಊಟದ ಹೊತ್ತಿಗೆ ಒಲೆ ಹಚ್ಚುವ ಗೋಜಿಲ್ಲ. ಅದಕ್ಕೆ ಶೇಂಗಾ ಹಿಂಡಿ, ಮೊಸರು ಇದ್ದರೆ ಉಪವಾಸದವನಿಗೆ ಅದಕ್ಕಿಂತ ಒಳ್ಳೆಯ ಊಟ ಇಲ್ಲ. ಡಬ್ಬಿಯ ತುಂಬ ಇತ್ತು ಕೂಡ. ನಾನು, 'ದಿನಕ್ಕೆ ಒಂದೇ ಊಟ, ಅದಾದರೂ ಬಿಸಿಯಾಗಿರಲಿ' ಎಂದೆ. ಅಷ್ಟೇ ಮಾತು. ಮಕ್ಕಳ ಊಟ ಏಳಕ್ಕೆ ಮುಗಿಯುತ್ತಿತ್ತು. ನಾನು ಮನೆ ಸೇರುವಾಗ ಎಂಟು, ಶುಕ್ರವಾರ ಚರ್ಚಿನಲ್ಲಿ ಯೇಸುವಿನ ಕೊನೆಯ ಪಯಣ ನೆನೆಯುವ ಶಿಲುಬೆ ಹಾದಿ ಪ್ರಾರ್ಥನೆಯ ಹದಿನಾಲ್ಕು ಸ್ಥಳ ಮುಗಿಸಿ ಬರುವಾಗ ಎಂಟೂವರೆ. ಬೆಳಿಗ್ಗೆ ಬೇಯಿಸಿ, ಸಂಜೆ ಬೇಯಿಸಿ, ಆಮೇಲೆ ನನ್ನೊಬ್ಬನಿಗಾಗಿ ಮತ್ತೆ ನೀರು ಕಾಯಿಸಿ, ಹಿಟ್ಟು ನಾದಿ, ಹಂಚಿನ ಮುಂದೆ ನಿಲ್ಲುವುದು ಹೆಂಡತಿಯ ಪಾಲಾಯಿತು. ಏಪ್ರಿಲ್ ಬಂದರೆ ಇಲ್ಲಿನ ಸರ್ಕಾರಿ ಕಚೇರಿಗಳು ಬಿಸಿಲಿಗೆಂದು ಬೆಳಿಗ್ಗೆ ಎಂಟಕ್ಕೇ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ನಾನು ಎರಡಕ್ಕೆ ಮನೆಗೆ ಬಂದು ಉಪವಾಸದ ಸುಸ್ತು ಎಂದು ಕೂಲರ್ ಮುಂದೆ ಮಲಗಿ, ಸಂಜೆ ಚರ್ಚಿಗೆ ಹೋಗುತ್ತಿದ್ದೆ. ಅವಳು ಬೆಳಿಗ್ಗೆ ಇನ್ನೂ ಒಂದು ಗಂಟೆ ಮೊದಲು ಏಳತೊಡಗಿದಳು.

ಏಪ್ರಿಲ್ 5, ಶುಕ್ರವಾರ. ರೊಟ್ಟಿಯ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಿದ್ದವಳಿಗೆ ಕಣ್ಣು ಕತ್ತಲೆ ಬಂತು. ಆಸರೆಗೆಂದು ಚಾಚಿದ ಬಲ ಅಂಗೈ ನೇರವಾಗಿ ಹಂಚಿನ ಮೇಲೆ ಬಿತ್ತು. ನಾನು ಪಕ್ಕದ ಕೋಣೆಯಲ್ಲಿ ತಟ್ಟೆಯ ಮುಂದೆ ಕುಳಿತಿದ್ದೆ. ಆಸ್ಪತ್ರೆಯಲ್ಲಿ ಡಾಕ್ಟರು, ಊಟ ಯಾವಾಗ ಮಾಡಿದ್ದಿರಿ ಎಂದು ಅವಳನ್ನು ಕೇಳಿದಾಗಲೇ ನನಗೆ ಗೊತ್ತಾದದ್ದು: ಅವಳೂ ಬೂದಿ ಬುಧವಾರದಿಂದ ಒಪ್ಪೊತ್ತು ಇದ್ದಳು. ಯಾರಿಗೂ ಹೇಳಿರಲಿಲ್ಲ. ರಕ್ತ ಬಹಳ ಕಡಿಮೆಯಿತ್ತು.

ಇನ್ನೊಂದು ವಿಷಯ ಬರೆಯಲು ಈಗಲೂ ನಾಚಿಕೆ. ಬೂದಿ ಬುಧವಾರ ಕಳೆದು ಬರುವ ಶುಕ್ರವಾರದ ಪೂಜೆಯ ವಾಚನ ಬೈಬಲಿನ ಪ್ರವಾದಿ ಯೆಶಾಯನ 58ನೇ ಅಧ್ಯಾಯ. ಉಪವಾಸದ ದಿನವೂ ನಿಮ್ಮ ಇಷ್ಟವನ್ನೇ ನಡೆಸಿಕೊಂಡು, ನಿಮಗಾಗಿ ದುಡಿಯುವವರನ್ನು ಹಿಂಡುತ್ತೀರಿ ಎಂದು ಪ್ರವಾದಿ ಬಯ್ಯುವ ಭಾಗ. ಆ ವರ್ಷ ಪೀಠದ ಬಳಿ ನಿಂತು ಅದನ್ನು ಓದಿದವನು ನಾನೇ. ಉಚ್ಚಾರ ಸ್ಪಷ್ಟವಾಗಿತ್ತು ಎಂದು ಇಬ್ಬರು ಹೊಗಳಿದರು. ಈಸ್ಟರ್ ಮುಂಚೆ ಪಾದ್ರಿಯ ಬಳಿ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಗೆಂದು ಚೀಟಿಯಲ್ಲಿ ಪಟ್ಟಿ ಮಾಡಿಟ್ಟಿದ್ದೆ. ಆಸ್ಪತ್ರೆಯಿಂದ ಬಂದ ರಾತ್ರಿ ತೆಗೆದು ನೋಡಿದರೆ ಸಿಟ್ಟು, ಸೋಮಾರಿತನ, ಒಂದು ಸಣ್ಣ ಸುಳ್ಳು ಎಲ್ಲ ಇತ್ತು. ರೊಟ್ಟಿ ಇರಲಿಲ್ಲ.

ಎರಡು ತಿಂಗಳು ಅವಳಿಗೆ ರೊಟ್ಟಿ ಬಡಿಯಲು ಆಗಲಿಲ್ಲ. ಮೊದಲ ವಾರ ಪಕ್ಕದ ಮನೆಯ ಲಿಂಗಾಯತ ಅಜ್ಜಿ ಕಳಿಸಿದರು. ಆಮೇಲೆ ಅವರೇ ನನ್ನನ್ನು ಕೂರಿಸಿ ಕಲಿಸಿದರು. ನೀರು ಕುದಿಯುವಂತಿರಬೇಕು, ಇಲ್ಲದಿದ್ದರೆ ಹಿಟ್ಟಿಗೆ ಜಿಗಿ ಬರುವುದಿಲ್ಲ, ಬಡಿಯುವಾಗ ಅಂಚು ಬಿರಿಯುತ್ತದೆ. ಮೂರು ರೊಟ್ಟಿಗೇ ನನ್ನ ಭುಜ ಸೋತಿತು. ಅವಳು ದಿನಕ್ಕೆ ಹದಿನೈದು ಬಡಿಯುತ್ತಿದ್ದಳು.

ಆದ್ದರಿಂದ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಏನು ಬಿಡಬೇಕು ಎಂದು ನಿಮ್ಮನ್ನೇ ನೋಡಿಕೊಂಡು ಲೆಕ್ಕ ಹಾಕುತ್ತಿದ್ದೀರಿ; ನಾನೂ ಹಾಗೆಯೇ ಹಾಕಿದ್ದೆ. ನಿಮ್ಮ ಉಪವಾಸದ ಅಡುಗೆ ಮಾಡುವವರು ಯಾರು, ಅವರು ಊಟ ಮಾಡಿದರೇ ಎಂದು ಮೊದಲು ಹೋಗಿ ಕೇಳಿ. ಚಹಾ ಕುಡಿಯಿರಿ, ಲೋಟ ನೀವೇ ತೊಳೆದಿಡಿ. ನೀರು ಧಾರಾಳವಾಗಿ ಕುಡಿಯಿರಿ, ಈ ಊರಿನ ಏಪ್ರಿಲ್ ಜೊತೆ ಹಟ ಬೇಡ. ಮೊಬೈಲ್ ಬಗ್ಗೆ ನನಗೆ ಹೇಳಲು ಏನೂ ಇಲ್ಲ.

ಈಗ ತಪಸ್ಸುಕಾಲದ ಶುಕ್ರವಾರಗಳಲ್ಲಿ ರಾತ್ರಿಯ ರೊಟ್ಟಿ ನನ್ನದು. ಗುಂಡಗೆ ಬರುವುದಿಲ್ಲ. ಮಗಳು ಒಂದೊಂದಕ್ಕೂ ಒಂದೊಂದು ಜಿಲ್ಲೆಯ ಹೆಸರಿಡುತ್ತಾಳೆ. ಮೊನ್ನೆ ಬೀದರ್ ಚೆನ್ನಾಗಿ ಉಬ್ಬಿತ್ತು. ಯಾದಗಿರಿ ನಡುವೆ ಹಸಿಯಾಗಿತ್ತು, ಇನ್ನೊಮ್ಮೆ ಹಂಚಿಗೆ ಹಾಕಿರಿ ಎಂದು ಹೆಂಡತಿ ಕುಳಿತಲ್ಲಿಂದಲೇ ಹೇಳಿದಳು.