ಫ್ರಾಕ್ಟಲ್ ಮತ್ತು ಕೇಯಾಸ್ ಥಿಯರಿಯನ್ನು ಆನ್‌ಲೈನ್‌ನಲ್ಲಿ ಸ್ವಂತವಾಗಿ ಕಲಿಯುವುದು ಹೇಗೆ?

ಪಿಯುಸಿ ಗಣಿತ ಬರುತ್ತದೆ, ಪೈಥಾನ್ ಅಲ್ಪಸ್ವಲ್ಪ ಗೊತ್ತು, ವಿಡಿಯೋ ಎಷ್ಟು ನೋಡಿದರೂ ತಲೆಯಲ್ಲಿ ನಿಲ್ಲುತ್ತಿಲ್ಲ, ಮೊದಲು ಫ್ರಾಕ್ಟಲ್ ಹಿಡಿಯಲೋ ಕೇಯಾಸ್ ಹಿಡಿಯಲೋ ಎಂದು ಕೇಳಿದ್ದೀರಿ. ಹಿಗ್ಗಿಸಿದಷ್ಟೂ ತನ್ನಂಥದೇ ಸಣ್ಣ ಪ್ರತಿಗಳು ಕಾಣುವ ಆಕಾರ ಫ್ರಾಕ್ಟಲ್; ನಿಯಮ ಸರಳವಾಗಿದ್ದರೂ ಮುಂದೇನೆಂದು ಹೇಳಲಾಗದ ವರ್ತನೆ ಕೇಯಾಸ್. ಎರಡನ್ನೂ ಬೇರೆ ಮಾಡಬೇಡಿ ಎನ್ನುವುದು ನನ್ನ ಸಲಹೆ. ಒಂದೇ ಒಂದು ಸಮೀಕರಣ ಹಿಡಿದು ಕೂತರೆ ಎರಡೂ ಅದರೊಳಗೇ ಸಿಗುತ್ತವೆ. ಅದರ ಹೆಸರು ಲಾಜಿಸ್ಟಿಕ್ ಮ್ಯಾಪ್:

ಹೊಸ ಎಕ್ಸ್ = ಆರ್ × ಎಕ್ಸ್ × (1 − ಎಕ್ಸ್)

ಎಕ್ಸ್ 0 ಮತ್ತು 1ರ ನಡುವೆ ಇರುತ್ತದೆ, ಆರ್ 4ನ್ನು ದಾಟಬಾರದು. ಬಂದ ಉತ್ತರವನ್ನೇ ಮತ್ತೆ ಒಳಗೆ ಹಾಕುತ್ತಾ ಹೋಗಬೇಕು, ಅಷ್ಟೇ. 1976ರಲ್ಲಿ ಪರಿಸರ ವಿಜ್ಞಾನಿ ರಾಬರ್ಟ್ ಮೇ 'ನೇಚರ್' ಪತ್ರಿಕೆಯ ಲೇಖನದಲ್ಲಿ ಇದನ್ನು ವಿದ್ಯಾರ್ಥಿಗಳಿಗೆ ಆದಷ್ಟು ಬೇಗ ಪರಿಚಯಿಸಿ ಎಂದು ಒತ್ತಾಯಿಸಿದ್ದರು. ಕ್ಯಾಲ್ಕ್ಯುಲೇಟರ್ ಇದ್ದರೂ ಸಾಕು ಎನ್ನುವಷ್ಟು ಸರಳ.

ಪೈಥಾನ್ ಆಮೇಲೆ. ಮೊದಲು ಗೂಗಲ್ ಶೀಟ್ಸ್ ತೆರೆಯಿರಿ. ಒಂದು ಕೋಶದಲ್ಲಿ ಆರ್, ಪಕ್ಕದ ಕಾಲಮ್ಮಿನ ತಲೆಯಲ್ಲಿ 0.3, ಅದರ ಕೆಳಗೆ ಸೂತ್ರ ಬರೆದು 200 ಸಾಲು ಎಳೆಯಿರಿ. ಆರ್ ಕೋಶಕ್ಕೆ ಡಾಲರ್ ಚಿಹ್ನೆ ಹಾಕಿ ಕಟ್ಟದಿದ್ದರೆ ಎಳೆದಾಗ ಅದೂ ಕೆಳಗೆ ಜಾರುತ್ತದೆ, ಎಲ್ಲ ಉತ್ತರ ಸೊನ್ನೆಯಾಗುತ್ತದೆ. ಆರ್ 2.8 ಇಟ್ಟರೆ ಸಂಖ್ಯೆ 0.642857ಕ್ಕೆ ಬಂದು ನಿಲ್ಲುತ್ತದೆ. 3.2ಕ್ಕೆ 0.5130 ಮತ್ತು 0.7995ರ ನಡುವೆ ಓಲಾಡುತ್ತದೆ. 3.5ಕ್ಕೆ ನಾಲ್ಕು ಸಂಖ್ಯೆಗಳ ಚಕ್ರ. 4ಕ್ಕೆ ಯಾವ ಲಯವೂ ಕಾಣುವುದಿಲ್ಲ. ಆದರೆ 4 ಇಟ್ಟಾಗ 0.25, 0.5, 0.75ರಿಂದ ಶುರು ಮಾಡಬೇಡಿ: 0.5 ಎರಡೇ ಹೆಜ್ಜೆಗೆ ಸೊನ್ನೆಗೆ ಬೀಳುತ್ತದೆ, ಉಳಿದೆರಡು 0.75ರಲ್ಲಿ ಅಂಟಿಕೊಳ್ಳುತ್ತವೆ. "ಕೇಯಾಸ್ ಬರಲೇ ಇಲ್ಲ" ಎನ್ನುವವರಲ್ಲಿ ಅರ್ಧ ಜನ ಎಡವುವುದು ಇಲ್ಲೇ.

ಈಗ ಪಕ್ಕದಲ್ಲಿ ಇನ್ನೊಂದು ಕಾಲಮ್, ಶುರು 0.300001. ಆರ್ 4 ಇದ್ದಾಗ ವ್ಯತ್ಯಾಸ ಸರಾಸರಿಯಲ್ಲಿ ಪ್ರತಿ ಹೆಜ್ಜೆಗೂ ಇಮ್ಮಡಿಯಾಗುತ್ತದೆ. 2ರ 20ನೇ ಘಾತ ಹತ್ತು ಲಕ್ಷ ದಾಟುತ್ತದಲ್ಲ, ಹಾಗಾಗಿ ಸುಮಾರು 20ನೇ ಸಾಲಿನ ಹೊತ್ತಿಗೆ ಎರಡು ಕಾಲಮ್ಮುಗಳಿಗೂ ಸಂಬಂಧವೇ ಉಳಿದಿರುವುದಿಲ್ಲ. 1961ರಲ್ಲಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ತಮ್ಮ ಹವಾಮಾನದ ಲೆಕ್ಕದಲ್ಲಿ 0.506127ರ ಬದಲು 0.506 ಎಂದು ಕೊಟ್ಟಾಗ ಕಂಡಿದ್ದೂ ಇದೇ. (ಚಿಟ್ಟೆ ರೆಕ್ಕೆ ಬಡಿದರೆ ಬಿರುಗಾಳಿ ಎದ್ದೇ ಏಳುತ್ತದೆ ಎಂದು ಅವರು ಹೇಳಲಿಲ್ಲ. 1972ರ ಅವರ ಭಾಷಣದ ಶೀರ್ಷಿಕೆ ಒಂದು ಪ್ರಶ್ನೆ ಮಾತ್ರ.)

ಮೂರನೇ ಕಾಲಮ್ಮನ್ನು ಬಹುತೇಕ ಕೋರ್ಸುಗಳು ಹೇಳಿಕೊಡುವುದಿಲ್ಲ, ನನಗಂತೂ ಅದೇ ಎಲ್ಲಕ್ಕಿಂತ ಮುಖ್ಯ. ಶುರು ಮತ್ತೆ 0.3, ಆದರೆ ಸೂತ್ರವನ್ನು 4×ಎಕ್ಸ್ − 4×ಎಕ್ಸ್×ಎಕ್ಸ್ ಎಂದು ಬಿಡಿಸಿ ಬರೆಯಿರಿ. ಬೀಜಗಣಿತದ ಪ್ರಕಾರ ಎರಡೂ ಒಂದೇ. ಆದರೂ 50–60ನೇ ಸಾಲಿನ ಸುಮಾರಿಗೆ ಮೊದಲನೆಯ ಕಾಲಮ್ಮೂ ಇದೂ ಬೇರೆ ಬೇರೆ ಉತ್ತರ ಕೊಡುತ್ತವೆ. ಕಂಪ್ಯೂಟರ್ ಒಂದು ಸಂಖ್ಯೆಯನ್ನು 53 ಬೈನರಿ ಅಂಕಿಗಳಷ್ಟೇ ನಿಖರವಾಗಿ ಇಡುತ್ತದೆ, ಪ್ರತಿ ಹೆಜ್ಜೆ ಅದರಲ್ಲೊಂದನ್ನು ನುಂಗುತ್ತದೆ. ಹಾಗಾದರೆ ನೂರನೇ ಸಾಲಿನ ಸಂಖ್ಯೆ ಸರಿಯೇ? ಅಲ್ಲ. ಆದರೆ ಸಾವಿರಾರು ಸಾಲುಗಳ ಹಿಸ್ಟೋಗ್ರಾಮ್ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬರುತ್ತದೆ, ಎರಡು ಅಂಚಿನಲ್ಲಿ ಎತ್ತರ, ನಡುವೆ ತಗ್ಗು. ಒಂದು ದಾರಿಯನ್ನು ಮುಂಚಿತವಾಗಿ ಹೇಳಲಾಗದಿದ್ದರೂ ಒಟ್ಟು ಆಕಾರವನ್ನು ಹೇಳಬಹುದು ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಮುಂದಿನದು ಬೈಫರ್ಕೇಶನ್ ಚಿತ್ರ, ಅಂದರೆ ಆರ್ ಬದಲಾದಂತೆ ಉತ್ತರಗಳು ಹೇಗೆ ಕವಲೊಡೆಯುತ್ತವೆ ಎಂದು ತೋರಿಸುವ ಚಿತ್ರ. ಇದಕ್ಕೆ ಪೈಥಾನ್ ಬೇಕು, ಬ್ರೌಸರಿನಲ್ಲೇ ಕೋಡ್ ಓಡಿಸುವ ಗೂಗಲ್ ಕೋಲ್ಯಾಬ್ ಸಾಕು, ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಆರ್ ಅನ್ನು 2.5ರಿಂದ 4ರವರೆಗೆ 0.001ರ ಹೆಜ್ಜೆಯಲ್ಲಿ ಏರಿಸಿ, ಪ್ರತಿ ಆರ್‌ಗೂ ಮೊದಲ 500 ಉತ್ತರ ಬಿಸಾಡಿ, ಮುಂದಿನ 200ನ್ನು ಚುಕ್ಕೆಯಾಗಿ ಹಾಕಿ. ಬಿಸಾಡದಿದ್ದರೆ ಗೆರೆಗಳ ಸುತ್ತ ದೂಳು ಹಿಡಿದಂತೆ ಕಾಣುತ್ತದೆ. ಬಿಸಾಡಿದ ಮೇಲೂ ಆರ್ 3ರ ಬಳಿ ಗೆರೆ ದಪ್ಪಗಾಗಿಯೇ ಇರುತ್ತದೆ. ಅದು ಕೋಡಿನ ದೋಷವಲ್ಲ: ಸರಿಯಾಗಿ 3ರಲ್ಲಿ ಸಂಖ್ಯೆ ನೆಲೆಗೆ ಬರುವುದು ಬಲು ನಿಧಾನ, 500 ಹೆಜ್ಜೆಯಾದರೂ 0.01ರಷ್ಟು ಅಂತರ ಉಳಿದಿರುತ್ತದೆ. ಚುಕ್ಕೆಯ ಗಾತ್ರವನ್ನು ಆದಷ್ಟು ಚಿಕ್ಕದಿಡಿ, ಇಲ್ಲದಿದ್ದರೆ ಬಲಭಾಗ ಪೂರ್ತಿ ಕಪ್ಪು.

ಚಿತ್ರ ಬಂದ ಮೇಲೆ ಕವಲೊಡೆಯುವ ಜಾಗ ಅಳೆಯಿರಿ: 3, 3.44949, 3.54409, 3.56441. ಅಕ್ಕಪಕ್ಕದ ಅಂತರಗಳ ಅನುಪಾತ ತೆಗೆದರೆ 4.75, ಆಮೇಲೆ 4.66. ಮುಂದುವರಿದಂತೆ ಅದು 4.6692ಕ್ಕೆ ಹೋಗುತ್ತದೆ. ಭೌತವಿಜ್ಞಾನಿ ಮಿಚೆಲ್ ಫೈಗೆನ್‌ಬಾಮ್ 1975ರಲ್ಲಿ ಇದನ್ನು ಕಂಡುಕೊಂಡಿದ್ದು ಎಚ್‌ಪಿ-65 ಎಂಬ ಕೈ ಕ್ಯಾಲ್ಕ್ಯುಲೇಟರಿನಲ್ಲಿ. 3.8284ರಿಂದ ಮುಂದೆ ಗೊಂದಲದ ನಡುವೆ ಥಟ್ಟನೆ ಖಾಲಿ ಜಾಗ, ಮೂರೇ ಗೆರೆ. ಅದರ ಒಂದು ಗೆರೆಯನ್ನು ಹಿಗ್ಗಿಸಿ ನೋಡಿದರೆ ಇಡೀ ಚಿತ್ರದ ಸಣ್ಣ ಪ್ರತಿ. ಫ್ರಾಕ್ಟಲ್ ಇಲ್ಲಿಂದಲೇ ಶುರು.

ಫ್ರಾಕ್ಟಲ್‌ಗಳಲ್ಲಿ ಹೆಸರಾದ ಮ್ಯಾಂಡೆಲ್‌ಬ್ರಾಟ್ ಸೆಟ್ಟಿನ ಸೂತ್ರ: ಹೊಸ ಜೆಡ್ = ಜೆಡ್‌ನ ವರ್ಗ + ಸಿ. ಜೆಡ್, ಸಿ ಸಂಕೀರ್ಣ ಸಂಖ್ಯೆಗಳು; ಜೆಡ್ ಸೊನ್ನೆಯಿಂದ ಶುರುವಾಗಿ ಎಷ್ಟು ಸುತ್ತಾದರೂ ಮಿತಿಮೀರಿ ಬೆಳೆಯದಂಥ ಸಿಗಳೆಲ್ಲ ಸೇರಿ ಈ ಸೆಟ್. ಇದರಲ್ಲಿ ಸಿ = ಆರ್ × (2 − ಆರ್) ÷ 4 ಎಂದಿಟ್ಟರೆ ಅದು ಲಾಜಿಸ್ಟಿಕ್ ಮ್ಯಾಪೇ, ವೇಷ ಮಾತ್ರ ಬೇರೆ. ಆರ್ 3 ಎಂದರೆ ಸಿ −0.75, ಹೃದಯಾಕಾರವೂ ಪಕ್ಕದ ವೃತ್ತವೂ ಸೇರುವ ಜಾಗ. ಆರ್ 4 ಎಂದರೆ −2, ಎಡತುದಿಯ ಮೊನೆ. ಆರ್ 3.8284 ಎಂದರೆ −1.75, ಅಲ್ಲೊಂದು ಮರಿ ಮ್ಯಾಂಡೆಲ್‌ಬ್ರಾಟ್ ಕೂತಿರುತ್ತದೆ. ಕ್ಸಾವೋಸ್ (XaoS) ಎಂಬ ಉಚಿತ ತಂತ್ರಾಂಶದಲ್ಲಿ ಈ ಜಾಗಗಳಿಗೆ ಜೂಮ್ ಮಾಡಿ ನೋಡಿ.

ನೀವೇ ಬರೆಯುವುದಾದರೆ: ಅಡ್ಡಕ್ಕೆ −2ರಿಂದ 1, ಉದ್ದಕ್ಕೆ −1.2ರಿಂದ 1.2, 750×600 ಪಿಕ್ಸೆಲ್, ಗರಿಷ್ಠ 200 ಸುತ್ತು, ಜೆಡ್‌ನ ಪರಿಮಾಣ 2 ದಾಟಿದರೆ ಹೊರಗೆ. ವರ್ಗಮೂಲ ಬೇಡ, ವರ್ಗವನ್ನು 4ಕ್ಕೆ ಹೋಲಿಸಿದರೆ ಸಾಕು. ಪೈಥಾನಿನ ನಮ್‌ಪೈ ಲೈಬ್ರರಿಯಲ್ಲಿ ಹೊರಬಿದ್ದ ಬಿಂದುಗಳನ್ನು ಮಾಸ್ಕ್ ಮಾಡಿ (ಮುಂದಿನ ಲೆಕ್ಕದಿಂದ ಹೊರಗಿಟ್ಟು) ಬಿಡಿ, ಇಲ್ಲದಿದ್ದರೆ ಓವರ್‌ಫ್ಲೋ ಎಚ್ಚರಿಕೆಗಳ ಸುರಿಮಳೆ. ಜೂಮ್ ಹೆಚ್ಚಿದಂತೆ ಸುತ್ತುಗಳನ್ನೂ ಹೆಚ್ಚಿಸಬೇಕು. ಹಾಗೆ ಮಾಡದಿದ್ದರೆ ಅಂಚು ಉಬ್ಬಿ ಸೂಕ್ಷ್ಮಗಳು ಮುಚ್ಚಿಹೋಗುತ್ತವೆ. ಚೌಕಟ್ಟಿನ ಅಗಲ 10ರ −13ನೇ ಘಾತದ ಹತ್ತಿರ ಬಂದಾಗ ಚಿತ್ರ ಇಟ್ಟಿಗೆ ಇಟ್ಟಿಗೆಯಾಗಿ ಒಡೆಯುತ್ತದೆ. ಅದೇ 53 ಅಂಕಿಗಳ ಮಿತಿ.

ಇಷ್ಟು ಕೈಯಾರೆ ಮಾಡಿದ ಮೇಲೆ ಕೋರ್ಸುಗಳು ರುಚಿಸುತ್ತವೆ. ಸಾಂಟಾ ಫೆ ಇನ್‌ಸ್ಟಿಟ್ಯೂಟಿನ ಕಾಂಪ್ಲೆಕ್ಸಿಟಿ ಎಕ್ಸ್‌ಪ್ಲೋರರ್ ತಾಣದಲ್ಲಿ ಡೇವಿಡ್ ಫೆಲ್ಡ್‌ಮನ್ ಅವರ ಎರಡು ಉಚಿತ ಕೋರ್ಸುಗಳಿವೆ, ಒಂದು ಡೈನಾಮಿಕಲ್ ಸಿಸ್ಟಮ್ಸ್ ಮತ್ತು ಕೇಯಾಸ್ ಬಗ್ಗೆ, ಇನ್ನೊಂದು ಫ್ರಾಕ್ಟಲ್ ಬಗ್ಗೆ. ಹೈಸ್ಕೂಲ್ ಬೀಜಗಣಿತ ಸಾಕು. ನಿಮ್ಮ ಮಟ್ಟಕ್ಕೆ ಅದೇ ಸರಿ. ಐಐಟಿಗಳ ಉಚಿತ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಸೌಮಿತ್ರೋ ಬ್ಯಾನರ್ಜಿ ಅವರು ಐಐಟಿ ಖರಗ್‌ಪುರದಲ್ಲಿದ್ದಾಗ ಮಾಡಿದ ಸರಣಿ ಎಂಜಿನಿಯರಿಂಗ್ ಓದಿದವರಿಗೆ ಒಗ್ಗುತ್ತದೆ. ಸ್ಟೀವನ್ ಸ್ಟ್ರೊಗಾಟ್ಜ್ ಅವರ ಕಾರ್ನೆಲ್ ಉಪನ್ಯಾಸಗಳು ಅದ್ಭುತ, ಆದರೆ ಕ್ಯಾಲ್ಕುಲಸ್ ಮತ್ತು ಮ್ಯಾಟ್ರಿಕ್ಸ್ ಬೇಕು, ಕೇಯಾಸ್ ಬರುವುದೂ ಅರ್ಧ ದಾಟಿದ ಮೇಲೆ. ಬೆಂಗಳೂರಿನ ಸಂಶೋಧನಾ ಕೇಂದ್ರ ಐಸಿಟಿಎಸ್‌ನ ಚಾನೆಲ್ಲಿನಲ್ಲಿರುವುದು ಬಹುಪಾಲು ಸಂಶೋಧಕರ ಮಟ್ಟದ ಉಪನ್ಯಾಸಗಳು, ಸದ್ಯಕ್ಕೆ ಬಿಡಿ. ಗೋಲ್ಡನ್ ರೇಶಿಯೋ ಮತ್ತು ಬ್ರಹ್ಮಾಂಡದ ರಹಸ್ಯವನ್ನು ಒಟ್ಟಿಗೆ ಮಾರುವ ವಿಡಿಯೋಗಳನ್ನು ಶಾಶ್ವತವಾಗಿ ಬಿಡಿ.

ಕೋರ್ಸುಗಳಲ್ಲಿ ಮುಂದೆ ಲೊರೆಂಜ್ ಅವರ ಮೂರು ಅವಕಲ ಸಮೀಕರಣಗಳಿಗೆ ಬಂದಾಗ (ಅವುಗಳ ಮೂರು ಸ್ಥಿರಾಂಕಗಳಿಗೆ 10, 28, 8/3 ಎಂಬ ಅವರದೇ 1963ರ ಮೌಲ್ಯಗಳು) ಅವನ್ನು ಬಿಡಿಸುವ ಪೈಥಾನಿನ ಸೈಪೈ ಲೈಬ್ರರಿಯ solve_ivp ಫಂಕ್ಷನ್ನಿನಲ್ಲಿ ಡಿಫಾಲ್ಟ್ ಸಾಪೇಕ್ಷ ಟಾಲರೆನ್ಸ್ (ಒಪ್ಪಿಕೊಳ್ಳುವ ತಪ್ಪಿನ ಪ್ರಮಾಣ) 0.001 ಎಂಬುದು ನೆನಪಿರಲಿ. ಅದನ್ನು 10ರ −9ನೇ ಘಾತಕ್ಕೆ ಇಳಿಸಿ, ಉತ್ತರ ಬೇಕಾದ ಸಮಯಬಿಂದುಗಳನ್ನು ನೀವೇ ಕೊಡಿ. ಕೊಡದಿದ್ದರೆ ಸುರುಳಿಗಳು ಮೊನಚು ಮೊನಚಾಗಿ ಕಾಣುತ್ತವೆ.

ಫ್ರಾಕ್ಟಲ್ ಆಯಾಮ (ಗೆರೆಗೆ 1, ತುಂಬಿದ ಆಕಾರಕ್ಕೆ 2, ಫ್ರಾಕ್ಟಲ್‌ಗೆ ಸಾಮಾನ್ಯವಾಗಿ ನಡುವಿನ ಸಂಖ್ಯೆ) ಅಳೆಯಲು ಬಾಕ್ಸ್ ಕೌಂಟಿಂಗ್, ಅಂದರೆ ಚಿತ್ರದ ಮೇಲೆ ಚೌಕಗಳ ಜಾಲ ಹಾಸಿ ಆಕಾರ ಮುಟ್ಟುವ ಚೌಕಗಳನ್ನು ಎಣಿಸುವ ಕೋಡ್, ಬರೆಯುವವರು ನೇರವಾಗಿ ಮೋಡದ ಫೋಟೋಗೆ ಕೈಹಾಕಬೇಡಿ. ಮೊದಲು ಸಿಯರ್ಪಿನ್‌ಸ್ಕಿ ತ್ರಿಕೋನದ ಮೇಲೆ ಓಡಿಸಿ 1.585 ಬರುತ್ತದೋ, ಕಾಖ್ ವಕ್ರರೇಖೆಗೆ 1.262 ಬರುತ್ತದೋ ನೋಡಿ. 1024×1024 ಚಿತ್ರದಲ್ಲಿ ಚೌಕದ ಅಳತೆ 4ರಿಂದ 128 ಪಿಕ್ಸೆಲ್ ಒಳಗಿರಲಿ. ಅದಕ್ಕಿಂತ ಚಿಕ್ಕದಾದರೆ ಗೆರೆಯ ದಪ್ಪವನ್ನೂ, ದೊಡ್ಡದಾದರೆ ಬರೀ ತುಂಬಿದ ಚೌಕಗಳನ್ನೂ ಎಣಿಸುತ್ತೀರಿ, ಉತ್ತರ 2ರ ಕಡೆಗೆ ವಾಲುತ್ತದೆ. ಫೋಟೋ ಆದರೆ ಅಂಚನ್ನು ಮಾತ್ರ ಬೇರ್ಪಡಿಸಿ ಎಣಿಸಿ. ತುಂಬಿದ ಆಕಾರವನ್ನೇ ಕೊಟ್ಟರೆ ಯಾವ ಮೋಡಕ್ಕೂ 2ರ ಆಸುಪಾಸೇ ಬರುತ್ತದೆ.