ರಾತ್ರಿ ರೈಲಿನ ಸದ್ದು ಹತ್ತಿರ ಕೇಳಿಸುವುದು ಯಾಕೆ?

ಪ್ರಶ್ನೆ: ಸರ್, ನಮ್ಮೂರು ಮದ್ದೂರಿನ ಹತ್ತಿರ. ರೈಲ್ವೆ ಲೈನ್ ಸುಮಾರು ನಾಲ್ಕು ಕಿಲೋಮೀಟರ್ ದೂರ. ಹಗಲು ಹಾರ್ನ್ ಕೇಳೋದೇ ಇಲ್ಲ. ರಾತ್ರಿ ಮಲಗಿದ ಮೇಲೆ ಮಾತ್ರ ಹಿತ್ತಲಲ್ಲೇ ರೈಲು ಹೋದ ಹಾಗೆ ಕೇಳಿಸುತ್ತೆ. ಹಗಲು ಗಲಾಟೆ ಜಾಸ್ತಿ ಅನ್ನೋದೊಂದೇ ಕಾರಣನಾ?

ಉತ್ತರ: ಗಲಾಟೆಯೂ ಒಂದು ಕಾರಣ. ಆದರೆ ಮಧ್ಯಾಹ್ನ ಊಟ ಮುಗಿಸಿ ಊರೆಲ್ಲ ಮಲಗಿರುವಾಗಲೂ ಆ ಹಾರ್ನ್ ಕೇಳಿಸುವುದಿಲ್ಲ, ಅಲ್ವಾ? ಬಿಸಿಲಿನ ಹೊತ್ತಿನಲ್ಲಿ ಸದ್ದು ನಿಮ್ಮೂರಿನ ಮೇಲಿಂದಲೇ ಹಾದು ಹೋಗಿಬಿಡುತ್ತದೆ. ಅದು ಕಿವಿಯವರೆಗೆ ಇಳಿಯುವುದೇ ಇಲ್ಲ.

ಸದ್ದು ಗಾಳಿಯಲ್ಲಿ ಹರಡುವ ಅಲೆ. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಗಾಳಿ ಒಂದೊಂದು ಡಿಗ್ರಿ ಬಿಸಿಯಾದಂತೆ ಈ ವೇಗ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಬಿಸಿಲಿನಲ್ಲಿ ನೆಲ ಕಾಯುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ಕಾಯುತ್ತದೆ, ಮೇಲಿನ ಗಾಳಿ ಅದಕ್ಕಿಂತ ತಣ್ಣಗಿರುತ್ತದೆ. ಹಾಗಾಗಿ ಸದ್ದಿನ ಕೆಳಭಾಗ ಮುಂದೆ ಓಡುತ್ತದೆ, ಮೇಲ್ಭಾಗ ಹಿಂದೆ ಬೀಳುತ್ತದೆ.

ಆಗ ಏನಾಗುತ್ತದೆ? ದಸರಾ ಮೆರವಣಿಗೆಯಲ್ಲಿ ಪೊಲೀಸ್ ಬ್ಯಾಂಡಿನ ಸಾಲು ಕೆ.ಆರ್. ಸರ್ಕಲ್‌ನಲ್ಲಿ ಸಯ್ಯಾಜಿರಾವ್ ರಸ್ತೆಗೆ ತಿರುಗುವುದನ್ನು ನೆನಪಿಸಿಕೊಳ್ಳಿ. ಒಳಬದಿಯವರು ಸಣ್ಣ ಹೆಜ್ಜೆ ಇಡುತ್ತಾರೆ, ಹೊರಬದಿಯವರು ಬೀಸು ಹೆಜ್ಜೆ ಹಾಕುತ್ತಾರೆ. ಇಡೀ ಸಾಲು ನಿಧಾನ ಇರುವ ಕಡೆಗೆ ತಿರುಗುತ್ತದೆ. ಅಲೆಗಳದ್ದೂ ಇದೇ ಕಥೆ. ಹಗಲು ನಿಧಾನ ಇರುವುದು ಮೇಲೆ, ಆದ್ದರಿಂದ ಸದ್ದು ಮೇಲಕ್ಕೆ ಬಾಗುತ್ತದೆ. ದೂರದ ಊರಿನಲ್ಲಿ ನೆಲಮಟ್ಟದಲ್ಲಿ ನಿಂತವರಿಗೆ ಹೆಚ್ಚೇನೂ ದಕ್ಕುವುದಿಲ್ಲ.

ರಾತ್ರಿ ಎಲ್ಲ ತಿರುಗುಮುರುಗು. ಮೋಡವಿಲ್ಲದ, ಗಾಳಿ ನಿಂತ ರಾತ್ರಿಯಲ್ಲಿ ನೆಲ ಬೇಗ ತಣಿಯುತ್ತದೆ. ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗುತ್ತದೆ, ಬೆಚ್ಚನೆಯ ಗಾಳಿ ಮೇಲೆ ಉಳಿಯುತ್ತದೆ. ಮೇಲಕ್ಕೆ ಹೊರಟ ಸದ್ದು ಬಾಗಿ ಮತ್ತೆ ನೆಲಕ್ಕೆ ಇಳಿಯುತ್ತದೆ. ಧನುರ್ಮಾಸದ ಚಳಿಯಲ್ಲಿ ಬೆಳಗಿನ ಜಾವ ಪಕ್ಕದೂರಿನ ದೇವಸ್ಥಾನದ ಮೈಕ್ ನಮ್ಮ ಜಗಲಿಯಲ್ಲೇ ಇಟ್ಟ ಹಾಗೆ ಕೇಳಿಸುವುದೂ ಇದಕ್ಕೇ. ಅದು ಸುಖವೋ ಕಷ್ಟವೋ, ಅವರವರಿಗೆ ಬಿಟ್ಟದ್ದು! ಮಧ್ಯೆ ನೀರು ನಿಲ್ಲಿಸಿದ ಭತ್ತದ ಗದ್ದೆ ಇದ್ದರೆ ಇನ್ನೂ ಅನುಕೂಲ. ನೀರಿನ ಮೈ ಸದ್ದನ್ನು ಹೀರಿಕೊಳ್ಳದೆ ಎತ್ತಿ ಕಳಿಸುತ್ತದೆ.

ಒಂದೆರಡು ಮೀಟರ್ ವೇಗದ ವ್ಯತ್ಯಾಸ ಇಷ್ಟೆಲ್ಲ ಮಾಡುತ್ತದಾ ಅಂತ ಅನ್ನಿಸಬಹುದು. ನಾಲ್ಕು ಕಿಲೋಮೀಟರ್ ದಾಟಲು ಸದ್ದಿಗೆ ಸುಮಾರು 12 ಸೆಕೆಂಡ್ ಬೇಕು. ಸೆಕೆಂಡಿಗೆ ಒಂದು ಮೀಟರ್ ಜಾಸ್ತಿ ಅಂದರೂ ಅಷ್ಟರಲ್ಲಿ 12 ಮೀಟರ್ ಮುಂದೆ ಹೋಗಿರುತ್ತದೆ. ಅಲೆ ಬಾಗಲು ಅದು ಧಾರಾಳವಾಯಿತು.

ಇದರ ಜೊತೆಗೆ ಇನ್ನೊಂದು ಮಾತು. ಗಾಳಿ ಬೀಸುವ ದಿಕ್ಕಿನಲ್ಲಿ ಸದ್ದು ಚೆನ್ನಾಗಿ ಕೇಳಿಸಿದರೆ ‘ಗಾಳಿ ಸದ್ದನ್ನು ಹೊತ್ತುಕೊಂಡು ಬಂತು’ ಎನ್ನುತ್ತೇವೆ. ಹೊತ್ತು ತರುವುದಕ್ಕಿಂತ ಬಗ್ಗಿಸುವ ಕೆಲಸವೇ ದೊಡ್ಡದು. ಗಿಡ, ಮನೆ, ಬೇಲಿ ಅಡ್ಡ ಇರುವುದರಿಂದ ನೆಲದ ಹತ್ತಿರ ಗಾಳಿ ನಿಧಾನ, ಮೇಲೆ ಜೋರು. ಹಾಗಾಗಿ ಗಾಳಿ ಬೀಸುವ ಕಡೆಗೆ ಹೊರಟ ಸದ್ದು ಕೆಳಕ್ಕೆ ಬಾಗುತ್ತದೆ, ಎದುರುಗಾಳಿಗೆ ಹೊರಟದ್ದು ಮೇಲಕ್ಕೆ ಏಳುತ್ತದೆ. ಸ್ಟೋಕ್ಸ್ ಎಂಬ ವಿಜ್ಞಾನಿ 1857ರಲ್ಲೇ ಇದನ್ನು ವಿವರಿಸಿದ್ದ.

ಪ್ರಶ್ನೆ: ಭಾನುವಾರ ಮೈಸೂರಿನಿಂದ ಕೆ.ಆರ್.ಎಸ್. ಹಿನ್ನೀರಿಗೆ, ವೇಣುಗೋಪಾಲಸ್ವಾಮಿ ದೇವಸ್ಥಾನದ ಕಡೆ ಹೋಗಿದ್ವಿ. ಗಾಳಿ ದಡದ ಉದ್ದಕ್ಕೆ ಓರೆಯಾಗಿ ಬೀಸುತ್ತಿತ್ತು. ಆದರೂ ಅಲೆಗಳು ನೇರ ನಮ್ಮ ಕಾಲಿಗೇ ಬರುತ್ತಿದ್ದವು. ಹೇಗೆ?

ಉತ್ತರ: ಆ ಬ್ಯಾಂಡ್ ಸಾಲೇ ಇಲ್ಲೂ ತಿರುಗುತ್ತಿದೆ! ಅಲೆ ಹುಟ್ಟಿದಾಗ ಓರೆಯಾಗಿಯೇ ಇರುತ್ತದೆ. ಅದರ ಉದ್ದದ ಅರ್ಧಕ್ಕಿಂತ ನೀರಿನ ಆಳ ಕಡಿಮೆಯಾದ ಕೂಡಲೇ ತಳದ ಪ್ರಭಾವ ಶುರುವಾಗಿ ಅಲೆ ನಿಧಾನವಾಗುತ್ತದೆ. ಉದ್ದ ಎಂದರೆ ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗೆ ಇರುವ ದೂರ. 3 ಮೀಟರ್ ಉದ್ದದ ಅಲೆ ಆಳದ ನೀರಿನಲ್ಲಿ ಸೆಕೆಂಡಿಗೆ ಸುಮಾರು 2.2 ಮೀಟರ್ ಹೋದರೆ, ಪಾದ ಮುಳುಗುವಷ್ಟು, 10 ಸೆಂಟಿಮೀಟರ್ ನೀರಿನಲ್ಲಿ ಸುಮಾರು 1 ಮೀಟರ್ ಮಾತ್ರ. ದಡದ ಹತ್ತಿರದ ತುದಿ ಮೊದಲು ನಿಧಾನವಾಗುತ್ತದೆ, ದೂರದ ತುದಿ ಸುತ್ತಿಕೊಂಡು ಬರುತ್ತದೆ. ಕಾಲ ಹತ್ತಿರ ಬರುವಷ್ಟರಲ್ಲಿ ಸಾಲು ಹೆಚ್ಚುಕಡಿಮೆ ನೇರವಾಗಿರುತ್ತದೆ.

ಆಳಕ್ಕೂ ವೇಗಕ್ಕೂ ಇರುವ ಈ ನಂಟು ದೊಡ್ಡದಾದರೆ ಭಯಂಕರ. ಸುನಾಮಿ ಅಲೆಯ ಉದ್ದ ನೂರಾರು ಕಿಲೋಮೀಟರ್ ಇರಬಹುದು, ಹಾಗಾಗಿ ನಡುಸಮುದ್ರವೂ ಅದಕ್ಕೆ ಆಳವಲ್ಲ. 4 ಕಿಲೋಮೀಟರ್ ಆಳದಲ್ಲಿ ಅದರ ವೇಗ ಗಂಟೆಗೆ 700 ಕಿಲೋಮೀಟರ್ ದಾಟುತ್ತದೆ. 2004ರ ಡಿಸೆಂಬರ್ 26ರಂದು ಸುಮಾತ್ರಾದ ಹತ್ತಿರ ಎದ್ದ ಅಲೆ ಸುಮಾರು ಎರಡೂವರೆ ಗಂಟೆಯಲ್ಲಿ ತಮಿಳುನಾಡಿನ ದಡ ಮುಟ್ಟಿತ್ತು. ದಡದ ಹತ್ತಿರ ಮುಂದಿನ ನೀರು ನಿಧಾನವಾಗುತ್ತದೆ, ಹಿಂದಿನದು ನುಗ್ಗಿ ಬರುತ್ತದೆ. ಎತ್ತರ ಏರುವುದು ಹಾಗೆ.

ಪ್ರಶ್ನೆ: ಪಾಂಡವಪುರ ತಾಲ್ಲೂಕು ನಮ್ಮದು. ಊರಿಂದ ಎರಡು ಕಿಲೋಮೀಟರ್ ಆಚೆ ಕಲ್ಲು ಕ್ವಾರಿ ಇದೆ. ಬ್ಲಾಸ್ಟ್ ಮಾಡಿದಾಗ ಮೊದಲು ಪಾತ್ರೆ ಅದುರುತ್ತೆ, ಸದ್ದು ಆಮೇಲೆ ಬರುತ್ತೆ. ಎರಡು ಸಲ ಸಿಡಿಸ್ತಾರಾ?

ಉತ್ತರ: ಇಲ್ಲ, ಒಂದೇ ಸ್ಫೋಟ ಎರಡು ದಾರಿಯಲ್ಲಿ ಬರುತ್ತಿದೆ. ನಿಮ್ಮ ಕಡೆಯ ಗಟ್ಟಿ ಬಂಡೆಯಲ್ಲಿ ಕಂಪನದ ಅಲೆ ಸೆಕೆಂಡಿಗೆ ಸುಮಾರು 5 ಕಿಲೋಮೀಟರ್ ಓಡುತ್ತದೆ, ಅರ್ಧ ಸೆಕೆಂಡಿನೊಳಗೆ ನಿಮ್ಮ ಅಡುಗೆಮನೆಯಲ್ಲಿರುತ್ತದೆ. ಗಾಳಿಯ ದಾರಿ ಹಿಡಿದ ಸದ್ದಿಗೆ ಸುಮಾರು 6 ಸೆಕೆಂಡ್ ಬೇಕು.

ಗೋಡೆ ಬಿರುಕು ಬಿಡುತ್ತಿದೆ ಎಂದು ದೂರು ಕೊಡುವುದಿದ್ದರೆ ಸುಮ್ನೆ ‘ಮನೆ ಅದುರಿತು’ ಎಂದು ಬರೆಯಬೇಡಿ. ಮೊದಲ ಅದುರು ಎಷ್ಟು ಹೊತ್ತಿಗೆ ಬಂತು, ಸದ್ದಿನ ಜೊತೆ ಕಿಟಕಿ ಗಾಜು ಮತ್ತೆ ಅದುರಿತಾ, ಎರಡನ್ನೂ ಗುರುತು ಹಾಕಿ. ಮೊದಲನೆಯದು ನೆಲದ ಕಂಪನ, ಎರಡನೆಯದು ಗಾಳಿಯ ಒತ್ತಡ. ಅವನ್ನು ಅಳೆಯುವ ಸಾಧನ ಬೇರೆ ಬೇರೆ, ಕಡಿಮೆ ಮಾಡುವ ದಾರಿಯೂ ಬೇರೆ.